ಕಣ್ಣಕ್ಕನ ಹತ್ತಿ ಪೆಟ್ಟಿಗೆ

ಪರದೆಯ ಮೇಲಿನ ಹಸಿರು ಪಟ್ಟಿ ಮೊದಮೊದಲು ಸರಸರನೆ ಓಡಿತು. ಅರ್ಧದ ಹತ್ತಿರ ಬಂದಾಗ ಏದುಸಿರು ಬಿಡುವವರಂತೆ ನಿಧಾನವಾಯಿತು. ಆಮೇಲೆ ತೆವಳಿತು. ಕಣ್ಣಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದ ಹಾಗೆಯೇ ನಿಂತುಹೋಯಿತು. ಪಟ್ಟಿ ಇದ್ದ ಜಾಗದಲ್ಲಿ ಒಂದು ಬೂದು ಚೌಕ ಮೂಡಿ, ಡಿಸ್ಕ್ ಸಿಗುತ್ತಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿ ಎಂದಿತು.

“ಮತ್ತೆ ಕೈಕೊಡ್ತಾ?” ಮೈದುನ ಮೇಜಿನ ಕೆಳಗಿನಿಂದ ಕೇಳಿದ. ಅವನ ಬೆನ್ನು, ಎರಡು ಕಾಲು ಮಾತ್ರ ಹೊರಗಿದ್ದವು.

“ಕೊಡ್ತು.”

ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ ತಾಯಿ ಮಗಳಿಗೆ ಕೇಳಿಸದಿರಲಿ ಎಂದು ಕಣ್ಣಕ್ಕ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿದಳು. ಬಾಗಿಲು ಕಿರ್ ಎಂದು ತನ್ನ ಪಾಡಿಗೆ ಮತ್ತೆ ತೆರೆದುಕೊಂಡಿತು.

ಕಣ್ಣಕ್ಕ ಕಣ್ಣು ಮಾಡುವವಳು. ಕಾಯಿಲೆಗೋ ಏಟಿಗೋ ಕಣ್ಣು ಕಳೆದುಕೊಂಡವರಿಗೆ ಆ ಗುಳಿಯಲ್ಲಿ ಹದವಾಗಿ ಕೂರುವಂತೆ ಅಕ್ರಿಲಿಕ್ಕಿನ ಕಣ್ಣು ಮಾಡಿಕೊಡುತ್ತಾಳೆ. ಅದಕ್ಕೆ ನೋಟವಿಲ್ಲ, ನೋಡುವವರ ಪಾಲಿಗೆ ಮಾತ್ರ ಅದು ಕಣ್ಣೇ. ಅವಳಿಗೆ ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಬೀದಿಯವರಿಗೆ, ಆಸ್ಪತ್ರೆಯವರಿಗೆ, ಕಡೆಗೆ ಗಂಡನಿಗೂ ಅವಳು ಕಣ್ಣಕ್ಕನೇ. “ನನಗೂ ಅಕ್ಕ ಅಂತೀರಲ್ಲ, ನಾಚಿಕೆ ಆಗಲ್ವಾ?” ಎಂದರೆ ಅವನು “ಊರೆಲ್ಲ ಅಂದ್ಮೇಲೆ ನಾನೊಬ್ಬ ಯಾಕೆ ಬೇರೆ?” ಎಂದು ಪೇಪರು ಮಗುಚುತ್ತಿದ್ದ.

ಕಸಬು ಸೋದರಮಾವನದು. ಹುಡುಗಿಯಾಗಿದ್ದಾಗ ಮಾವನ ಕೋಣೆಯಲ್ಲಿ ಕುಂಚ ತೊಳೆಯುತ್ತ, ಕೆಂಪು ರೇಷ್ಮೆ ದಾರದ ಎಳೆ ಬಿಡಿಸುತ್ತ ಅವಳು ಕೆಲಸಕ್ಕೆ ಬಿದ್ದಳು. ಕೂದಲಿಗಿಂತ ಸಣ್ಣಗಿನ ಆ ಎಳೆಗಳೇ ಕಣ್ಣಿನ ಬಿಳಿಯ ಮೇಲೆ ನರಗಳಾಗುತ್ತವೆ. ಮಾವ ಮಾತಿನಲ್ಲಿ ಬಹಳ ಜಿಪುಣ. ಕಲಿಸಿದ ಅಷ್ಟೂ ವರ್ಷಗಳಲ್ಲಿ ಬಾಯಿಬಿಟ್ಟು ಹೇಳಿದ ನಿಯಮಗಳು ಎರಡೇ. ಒಂದು: “ಬದುಕಿರೋ ಕಣ್ಣನ್ನ ಎದುರಿಗಿಟ್ಟುಕೊಂಡು ಬಣ್ಣ ಹಾಕು. ನೆನಪಿಂದ ಹಾಕಿದ್ರೆ ಯಾರ ಕಣ್ಣು ಮಾಡಿದ್ರೂ ನಿನ್ನ ಕಣ್ಣೇ ಬರತ್ತೆ.” ಇನ್ನೊಂದು: “ಮಾಡಿದ್ದನ್ನ ಬಯಲಲ್ಲಿ ಬಿಡಬೇಡ.”

ಎರಡನೆಯ ನಿಯಮಕ್ಕಾಗಿಯೇ ಮಾವ ಒಂದು ಮರದ ಪೆಟ್ಟಿಗೆ ಮಾಡಿಸಿದ್ದ. ಒಳಗೆ ದಪ್ಪ ಹತ್ತಿಯ ಹಾಸು, ಮುಚ್ಚಳದ ಒಳಮೈಗೆ ಮಖಮಲ್ಲು, ಬೆರಳು ತೂರಿಸಿ ಎತ್ತಲು ಮುಂದುಗಡೆ ಅರ್ಧಚಂದ್ರದ ಕಚ್ಚು. ಈಗ ಅದು ಕಣ್ಣಕ್ಕನ ಮೇಜಿನ ಮೇಲಿನ ಗೋಡೆ ಹಲಗೆಯಲ್ಲಿತ್ತು. ಕಣ್ಣಕ್ಕನನ್ನು ಬಿಟ್ಟು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಆ ಮುಚ್ಚಳ ಮುಚ್ಚಿರುವುದು ಆ ಮನೆಯಲ್ಲಿ ಗೋಡೆ ನಿಂತಿರುವಷ್ಟೇ ಸಹಜವಾಗಿತ್ತು, ಯಾರ ಗಮನಕ್ಕೂ ಬಾರದಷ್ಟು.

ಹೊರಗೆ ಕೂತಿದ್ದ ಹುಡುಗಿಯನ್ನು ಕಣ್ಣಕ್ಕ ಎತ್ತಿ ಆಡಿಸಿದವಳು. ಹಾಲುಗಲ್ಲದ ವಯಸ್ಸಿನಲ್ಲೇ ಕಾಯಿಲೆ ಬಂದು ಎಡಗಣ್ಣನ್ನು ತೆಗೆಸಬೇಕಾಗಿತ್ತು. ಮಗು ಬೆಳೆದಂತೆ ಮುಖ ಬೆಳೆಯುತ್ತದೆ, ಕಣ್ಣೂ ಬದಲಾಗಬೇಕು. ಹಾಗಾಗಿ ಪುಟ್ಟಿ ಮತ್ತೆ ಮತ್ತೆ ಬರುತ್ತಿದ್ದಳು. ಬಂದಾಗಲೆಲ್ಲ ಕಿಟಕಿಯ ಪಕ್ಕ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಬಲಗಣ್ಣನ್ನು ಅರಳಿಸಿ, “ಕಣ್ಣತ್ತೆ, ಬೇಗ ಬರೀರಿ, ರೆಪ್ಪೆ ತಡೆಯಲ್ಲ ಅಂತಿದೆ” ಎನ್ನುತ್ತಿದ್ದಳು. ಬಣ್ಣ ಹಾಕುವ ಮೊದಲು ಕಣ್ಣಕ್ಕ ಆ ಬಲಗಣ್ಣಿನ ಚಿತ್ರವನ್ನು ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದಳು. ಗಾಢ ಕಂದು ಬಣ್ಣ. ಅದರೊಳಗೆ ಎಲ್ಲೋ ಒಂದು ಕಡೆ, ಜೇನು ತೊಟ್ಟಿಕ್ಕಿದಂತೆ, ತೆಳು ಹಳದಿಯ ಒಂದು ಸೀಳು.

ಎಲ್ಲೋ ಒಂದು ಕಡೆ. ಅದೇ ಈಗಿನ ಸಂಕಟ. ಹೋದ ಬೇಸಿಗೆಯಲ್ಲಿ ವಾಹನ ಮಗುಚಿ ಪುಟ್ಟಿಯ ಬಲಗಣ್ಣು ಹೋಯಿತು. ಎಡಗಡೆಯ ಮಾಡಿದ ಕಣ್ಣು ರಸ್ತೆಯಲ್ಲಿ ಎಲ್ಲಿ ಬಿತ್ತೋ, ಆ ಗಡಿಬಿಡಿಯಲ್ಲಿ ಹುಡುಕುವವರು ಯಾರು? ಚಿಕ್ಕದಾದ ಹಳೆಯ ಕಣ್ಣುಗಳನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಈಗ ಎರಡೂ ಕಣ್ಣು ಮಾಡಬೇಕು. ಎದುರಿಗಿಟ್ಟುಕೊಳ್ಳಲು ಒಂದೂ ಇಲ್ಲ. ಮನೆಯವರ ಫೋನಿನ ಫೋಟೋಗಳಲ್ಲಿ ನಗು ಇತ್ತು, ಹೊಸ ಬಟ್ಟೆ ಇತ್ತು, ಕಣ್ಣೆಂದರೆ ಎರಡು ಕಪ್ಪು ಚುಕ್ಕೆ. ಜೇನು ಮೇಲುಗಡೆ ಇತ್ತು ಎಂದು ತಾಯಿ, ಪಕ್ಕಕ್ಕಿತ್ತು ಎಂದು ಫೋನಿನಲ್ಲಿ ತಂದೆ. ಕಣ್ಣಕ್ಕ ತೆಗೆದ ಚಿತ್ರಗಳಲ್ಲಿ ಮಾತ್ರ ಅದು ಇದ್ದ ಹಾಗೆ ಇತ್ತು.

ಆ ಚಿತ್ರಗಳು ಕಂಪ್ಯೂಟರಿನಲ್ಲಿದ್ದವು. ಹೋದ ವಾರದವರೆಗೆ.

ಕಂಪ್ಯೂಟರು ತೂಕಡಿಸುತ್ತದೆ, ಆನ್ ಆಗಲು ಯುಗ ಹಿಡಿಯುತ್ತದೆ ಎಂದು ಗೊಣಗಿದವಳು ಕಣ್ಣಕ್ಕನೇ. ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮೈದುನ ಬಂದು, “ಫಾರ್ಮ್ಯಾಟ್ ಹೊಡೆದು ಓಎಸ್ ಹೊಸದಾಗಿ ಹಾಕ್ತೀನಿ ಅತ್ತಿಗೆ. ಒಳಗಿರೋದೆಲ್ಲ ಒರೆಸಿ ಹೋಗತ್ತೆ. ಬ್ಯಾಕಪ್ ಇದೆ ತಾನೇ?” ಎಂದಿದ್ದ. ಇತ್ತು. ಅಂಗೈಯಗಲದ ಒಂದು ಡಿಸ್ಕಿನಲ್ಲಿ ಎಲ್ಲ ಚಿತ್ರಗಳನ್ನೂ ಒಂದೇ ಗಂಟಾಗಿ ಕಟ್ಟಿ ಇಡಲಾಗಿತ್ತು. ಅವನು ಒರೆಸಿದ. ಹೊಸ ಓಎಸ್ ಹಾಕಿದ. ಡಿಸ್ಕನ್ನು ಅವಳ ಕೈಗಿತ್ತು, “ಜೋಪಾನ. ಈಗ ಲೋಕದಲ್ಲಿ ಇರೋದು ಇದೊಂದೇ” ಎಂದ.

ಆ ಗಂಟಿನ ಗುಣ ಒಂದಿತ್ತು. ಪೂರ್ತಿ ಬಿಚ್ಚುವವರೆಗೆ ಒಳಗಿನ ಒಂದು ಚಿತ್ರವೂ ಕಾಣುವುದಿಲ್ಲ. ಕಟ್ಟುವಾಗ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿದಿದ್ದ ಕೆಲಸ, ಬಿಚ್ಚುವಾಗ ಮೂರು ದಿನದಿಂದ ಅರ್ಧದಾರಿಯಲ್ಲೇ ಕುಸಿಯುತ್ತಿತ್ತು.

ಮೈದುನ ಮೇಜಿನ ಕೆಳಗಿನಿಂದ ಎದ್ದು ಕೂತ. ತಲೆಯಲ್ಲಿ ಜೇಡರ ಬಲೆ.

“ಹೊಸ ಓಎಸ್ ತನ್ನದೇ ಯಾವುದೋ ಡ್ರೈವರ್ ಹಾಕ್ಕೊಂಡಿತ್ತು. ಅದನ್ನ ತೆಗೆದು ಸರಿಯಾದ್ದು ಹಾಕಿದೆ. ಒಂದೊಂದು ಫೈಲನ್ನೂ ಮೂಸಿ ನೋಡ್ತಿದ್ದ ಆಂಟಿವೈರಸ್ ಬಾಯಿ ಮುಚ್ಚಿಸಿದೆ. ಕೇಬಲ್ ಬದಲಾಯ್ಸಿದೆ. ಮುಂದುಗಡೆ ತೂತು ಬಿಟ್ಟು ಹಿಂದುಗಡೆ ತೂತಿಗೆ ಚುಚ್ಚಿದೆ. ಇನ್ನು ಕಂಪ್ಯೂಟರಿನ ಕಾಲಿಗೆ ಬೀಳೋದೊಂದು ಬಾಕಿ.”

“ನೀನು ಪ್ರತಿ ಸಲ ಏನೋ ಮಾಡ್ತೀಯ. ಪ್ರತಿ ಸಲ ಮೊದಲು ಓಡತ್ತೆ. ನಾನು ದೇವರೇ ಅಂತ ಕೈ ಮುಗಿಯೋ ಹೊತ್ತಿಗೆ ನಿಲ್ಲತ್ತೆ.”

“ಅದೇ ನಂಗೂ ಅರ್ಥ ಆಗ್ತಿಲ್ಲ.” ಅವನು ಬಲೆಯನ್ನು ಒರೆಸಿಕೊಂಡ. ಆಮೇಲೆ ದನಿ ತಗ್ಗಿಸಿದ. “ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಡಿಸ್ಕೇ ಕೊನೆ ಉಸಿರು ಎಳೀತಿದೆಯೋ ಏನೋ. ಹೀಗೆ ಮಧ್ಯದಲ್ಲಿ ತಪ್ಪಿಸಿಕೊಳ್ಳೋ ಡಿಸ್ಕು ಒಂದು ಸಲ ಹೋದ್ರೆ ಹೋಯ್ತು. ಪ್ರತಿ ಸಲ ಶುರುಮಾಡುವಾಗಲೂ ಇದೇ ಕೊನೇ ಸಲ ಆಗಬಹುದು.”

“ಒರೆಸೋ ಮೊದಲು ಇನ್ನೊಂದು ಕಡೆ ಇಟ್ಕೊಳ್ಳಿ ಅಂತ ಯಾಕೆ ಹೇಳಲಿಲ್ಲ?”

“ಬ್ಯಾಕಪ್ ಇದೆಯಾ ಅಂದೆ. ಇದೆಯಪ್ಪ, ತಲೆ ತಿನ್ನಬೇಡ ಅಂದ್ರಿ.”

ಅಂದದ್ದು ನಿಜ. ಅವನು ಮತ್ತೆ ಶುರುಮಾಡುವ ಗುಂಡಿ ಒತ್ತಿ, ಕೈ ಕಟ್ಟಿಕೊಂಡು ಪರದೆಯ ಮುಂದೆ ಕೂತ. ಪಟ್ಟಿ ಸರಸರನೆ ಓಡತೊಡಗಿತು. ಇಬ್ಬರಿಗೂ ಆ ಓಟದ ಮೇಲೆ ನಂಬಿಕೆ ಹೋಗಿತ್ತು.

ಕಣ್ಣಕ್ಕ ಪಕ್ಕದ ಕೋಣೆಗೆ ಬಂದಳು. ಅಲ್ಲಿ ಕಿಟಕಿಯ ಬಳಿಯ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಪುಟ್ಟಿ ಕೂತಿದ್ದಳು. ಮುಖದ ಮೇಲೆ ಅಗಲವಾದ ಕಪ್ಪು ಕನ್ನಡಕ. ತಾಯಿ ಅವಳ ಬೆನ್ನ ಹಿಂದೆ ನಿಂತು, ಈಗಾಗಲೇ ನೀಟಾಗಿದ್ದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಮುಂದಿನ ಮೇಜಿನ ಮೇಲೆ ಬೆಳಿಗ್ಗೆ ಕಣ್ಣಕ್ಕ ನೆನಪಿನಿಂದ ಬಣ್ಣ ಹಾಕಿದ್ದ, ಕಣ್ಣಿನ ಬಿಳಿಯ ನಡುವೆ ಕೂರಿಸುವ, ಗುಂಡಿಯಷ್ಟಗಲದ ಬಿಲ್ಲೆಗಳಿದ್ದವು. ತಾಯಿ ಅವನ್ನು ನೋಡಿ “ಚೆನ್ನಾಗಿವೆ” ಎಂದಿದ್ದಳು, ನೆಂಟರ ಮಗುವನ್ನು ಹೊಗಳುವ ದನಿಯಲ್ಲಿ. ಕಣ್ಣಕ್ಕ ಕನ್ನಡಿ ಹಿಡಿದು ನೋಡಿಕೊಂಡಿದ್ದಳು. ಮಾವ ಹೇಳಿದ್ದು ಸುಳ್ಳಾಗಿರಲಿಲ್ಲ. ಬಿಲ್ಲೆಗಳಿಂದ ಅವಳ ಕಣ್ಣೇ ಅವಳನ್ನು ನೋಡುತ್ತಿತ್ತು.

“ಒಂದು ಲೋಟ ನೀರು ತರ್ತೀನಿ,” ಎಂದು ತಾಯಿ ಒಳಗೆ ಹೋದಳು.

ಹೆಜ್ಜೆ ಸಪ್ಪಳ ಅಡುಗೆಮನೆ ಸೇರುವವರೆಗೆ ಪುಟ್ಟಿ ಕಾದಳು. “ಕಣ್ಣತ್ತೆ, ಸಿಗ್ತಾ ಇಲ್ಲ ಅಲ್ವಾ?”

“ಸಿಗತ್ತೆ ಕಣೇ. ಸ್ವಲ್ಪ ನಿಧಾನ ಆಗ್ತಿದೆ ಅಷ್ಟೇ.”

“ನೀವು ಸುಳ್ಳು ಹೇಳೋವಾಗ ‘ಅಷ್ಟೇ’ ಅಂತೀರಿ. ಚಿಕ್ಕವಳಿದ್ದಾಗ ‘ನೋಯಲ್ಲ ಅಷ್ಟೇ’ ಅಂತಿದ್ರಿ, ಜೋರಾಗಿ ನೋಯ್ತಿತ್ತು.” ಅವಳು ನಕ್ಕಳು. ಆಮೇಲೆ ಮಡಿಲಲ್ಲಿದ್ದ ಕೈಗಳನ್ನು ಒಂದರೊಳಗೊಂದು ಸೇರಿಸಿದಳು. “ನಂಗೆ ಬಣ್ಣ ಯಾವುದಾದ್ರೇನು? ಹಸಿರು ಹಾಕಿದ್ರೂ ನಡೆಯತ್ತೆ, ಬೆಕ್ಕಿನ ಹಾಗೆ. ಇದು ನಂಗೋಸ್ಕರ ಅಲ್ಲ. ಅಮ್ಮ ನನ್ನ ಮುಖ ನೋಡ್ತಿಲ್ಲ.”

“ಹಾಗಂದ್ರೆ?”

“ಕನ್ನಡಕ ತೆಗೆದಾಗ ಅವಳ ಮಾತು ಗೋಡೆ ಕಡೆ ಹೋಗತ್ತೆ. ನಂಗೆ ಕೇಳಿಸತ್ತೆ. ಊಟ ಹಾಕೋದು ಪಕ್ಕದಲ್ಲಿ ನಿಂತು, ತಲೆ ಬಾಚೋದು ಹಿಂದೆ ನಿಂತು. ಎದುರಿಗೆ ಬರಲ್ಲ. ಪಾಪ, ಅವಳಿಗೆ ಆಗ್ತಾ ಇಲ್ಲ. ಬೇರೆ ಯಾರದೋ ಕಣ್ಣು ಹಾಕಿಕೊಂಡು ಹೋದ್ರೆ ಇನ್ನೂ ನೋಡಲ್ಲ. ನನಗೆ ಗೊತ್ತು.”

ಅಷ್ಟರಲ್ಲಿ ತಾಯಿ ನೀರು ತಂದು, ಮಗಳ ಕೈಗೆ ಲೋಟ ಹಿಡಿಸಿ, ಕಿಟಕಿಯ ಹೊರಗೆ ನೋಡುತ್ತ ನಿಂತಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. ಎದುರು ಮನೆಯ ಗೋಡೆ, ಒಂದು ಸೈಕಲ್ಲು.

ಒಳಕೋಣೆಯಿಂದ ಮೈದುನನ ದನಿ ಬಂತು. “ಅತ್ತಿಗೆ... ನಿಧಾನ ಆಗ್ತಿದೆ.”

ಕಣ್ಣಕ್ಕ, ಸುಮ್ಮನೆ ನಿಂತರೆ ಅತ್ತುಬಿಡುತ್ತೇನೆ ಎನ್ನಿಸಿ, ಕೈಗೆ ಏನಾದರೂ ಕೆಲಸ ಬೇಕೆಂದು, “ಪುಟ್ಟಿ, ಅಲ್ಲಿವರೆಗೆ ಮೇಣದ ಅಚ್ಚು ಹಾಕಿ ನೋಡೋಣ” ಎಂದಳು. ಕಣ್ಣಿಗೆ ಬಣ್ಣ ಬರುವ ಮೊದಲು ಆಕಾರ ಸರಿಯಿದೆಯೇ ಎಂದು ಮೇಣದ ಅಚ್ಚನ್ನು ಗುಳಿಯಲ್ಲಿ ಕೂರಿಸಿ ನೋಡುವುದು ಕ್ರಮ. ನಿನ್ನೆಯೇ ತಿದ್ದಿ ತೀಡಿ, ಎರಡು ಅಚ್ಚುಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಳು.

ಒಳಗೆ ಬಂದು, ಮೈದುನನ ತಲೆಯ ಮೇಲಿಂದ ಕೈ ಚಾಚಿ, ಕಚ್ಚಿನಲ್ಲಿ ಬೆರಳಿಟ್ಟು ಮುಚ್ಚಳ ಎತ್ತಿದಳು. ಮೇಣವನ್ನು ಎರಡು ಬೆರಳಲ್ಲಿ ಹಿಡಿದಳು.

ಬೆರಳು ಒಳಗಿಳಿಯಿತು.

ಗಟ್ಟಿಯಾಗಿ, ಉಗುರಿಗೆ ಟಕ್ ಎನ್ನಬೇಕಾಗಿದ್ದ ಅಚ್ಚು ನಾದಿದ ಹಿಟ್ಟಿನ ಹಾಗೆ ಮೆತ್ತಗಾಗಿ ಒಂದು ಕಡೆಗೆ ವಾಲಿತ್ತು. ಅವಳ ಹೆಬ್ಬೆರಳಿನ ಗೆರೆಗಳು ಅದರ ಮೇಲೆ ಅಚ್ಚೊತ್ತಿದವು. ಪೆಟ್ಟಿಗೆಯೊಳಗಿಂದ ಬಿಸಿಗಾಳಿ ಅವಳ ಮಣಿಕಟ್ಟಿಗೆ ಬಡಿಯಿತು. ಮೇಣ ಯಾವಾಗ ಮೆತ್ತಗಾಗುತ್ತದೆ, ಎಷ್ಟು ಬಿಸಿಗೆ ಸೋಲುತ್ತದೆ ಎಂಬುದು ಅವಳ ಬೆರಳಿಗೆ ಹುಟ್ಟಿನಿಂದ ಗೊತ್ತಿರುವಂತಿತ್ತು. ಅಚ್ಚುಗಳ ಪಕ್ಕದಲ್ಲೇ, ಹತ್ತಿಯಲ್ಲಿ ಹುದುಗಿ, ಕಚ್ಚಿನ ಮೂಲಕ ಕೇಬಲ್ಲು ಎಳೆದುಕೊಂಡು, ಬೆಚ್ಚಗೆ ಹೊದ್ದು ಮಲಗಿತ್ತು ಡಿಸ್ಕು.

“ಅಯ್ಯೋ! ಇದು ಸುಡ್ತಾ ಇದೆ!”

ಮೈದುನ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು. ಪೆಟ್ಟಿಗೆಯೊಳಗೆ ಇಣುಕಿದ. ಹತ್ತಿಯನ್ನು ನೋಡಿದ, ಮಖಮಲ್ಲನ್ನು ನೋಡಿದ, ಅತ್ತಿಗೆಯನ್ನು ನೋಡಿದ. “ಮುಚ್ಚಳ ಹಾಕಿ ಇಟ್ಟಿದ್ರಾ? ಇಷ್ಟು ದಿನಾನೂ?”

“ಜೋಪಾನ ಅಂದೆಯಲ್ಲೋ! ಧೂಳು ಬೀಳಬಾರದು ಅಂತ...”

“ನನಗೂ ಬುದ್ಧಿ ಇಲ್ಲ. ಇಲ್ಲೇ ಕೂತು ಮೂರು ದಿನದಿಂದ ಈ ಪೆಟ್ಟಿಗೆ ನೋಡ್ತಿದ್ದೀನಿ. ಕೇಬಲ್ ಬದಲಾಯ್ಸುವಾಗ ಆ ಕಡೆ ತುದಿ ನೀವು ಚುಚ್ಚಿದ್ರಿ, ಈ ಕಡೆ ತುದಿ ನಾನು.” ಅವನು ಹಣೆ ಒತ್ತಿಕೊಂಡ. “ಈ ಡಿಸ್ಕು ಕೆಲಸ ಮಾಡ್ತಾ ಮಾಡ್ತಾ ಕಾಯತ್ತೆ ಅತ್ತಿಗೆ. ಬಿಸಿ ಜಾಸ್ತಿ ಆದ್ರೆ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ನಿಧಾನ ಆಗತ್ತೆ. ಇನ್ನೂ ಬಿಸಿ ಆದ್ರೆ ಕೈಚೆಲ್ಲಿ ಕೂತುಬಿಡತ್ತೆ. ನಾನು ಒಂದೊಂದು ಮದ್ದು ಹಾಕೋ ಹೊತ್ತಿಗೆ ಅದು ತಣ್ಣಗಾಗ್ತಿತ್ತು, ಅದಕ್ಕೇ ಮೊದಲು ಓಡ್ತಿತ್ತು. ಮೊದಲೆಲ್ಲ ಎಲ್ಲಿ ಇಡ್ತಿದ್ರಿ ಇದನ್ನ?”

“ಮೇಜಿನ ಮೇಲೆ. ಬಯಲಲ್ಲಿ.”

“ಸರಿಹೋಯ್ತು. ಜ್ವರ ಬಂದ ಮಗುವಿಗೆ ಕಂಬಳಿ ಹೊದಿಸಿದ್ದೀವಿ ಇಬ್ರೂ ಸೇರಿ.”

ಪರದೆಯಲ್ಲಿ ಪಟ್ಟಿ ನಿಂತು ಬೂದು ಚೌಕ ಬಂತು. ಈ ಸಲ ಚೌಕ ಮುಚ್ಚಿದ ಮೇಲೂ ಡಿಸ್ಕಿನ ಪುಟ್ಟ ದೀಪ ಹೊತ್ತಿಕೊಳ್ಳಲಿಲ್ಲ. ಮೈದುನ ಕೇಬಲ್ಲು ಕಿತ್ತು ಮತ್ತೆ ಚುಚ್ಚಿದ. ಇಲ್ಲ. ಅವನ ಮುಖದ ನಗು ಇಳಿಯಿತು.

“ಹೋಯ್ತಾ?” ಎಂದಳು ಕಣ್ಣಕ್ಕ.

“ಗೊತ್ತಿಲ್ಲ. ತಣ್ಣಗಾಗಲಿ.”

“ಫ್ರಿಜ್ಜಲ್ಲಿ...”

“ಬೇಡಿ! ನೀರು ಬೆವರಿ ಇರೋದೂ ಹೋಗತ್ತೆ. ಸುಮ್ಮನೆ ಗಾಳಿಗೆ ಬಿಡಿ.”

ಅಚ್ಚು ಬೇಯಿಸಿದ ಮೇಲೆ ಆರಲು ಇಡುವ ಕಲ್ಲಿನ ಚಪ್ಪಡಿ ಒಳಕೋಣೆಯದೇ ಕಿಟಕಿಯ ಕೆಳಗಿತ್ತು. ಕಣ್ಣಕ್ಕ ಡಿಸ್ಕನ್ನು ಎರಡೂ ಕೈಯಲ್ಲಿ ತಂದು ಅದರ ಮೇಲಿಟ್ಟಳು. ಅಂಗೈ ಚುರುಗುಟ್ಟಿತು. ಮೈದುನ ಟೇಬಲ್ ಫ್ಯಾನನ್ನು ಎಳೆದು ತಂದು ಅದರ ಕಡೆಗೆ ತಿರುಗಿಸಿದ. ಕಂಪ್ಯೂಟರಿನ ಪಕ್ಕದಲ್ಲಿದ್ದ ಕೆಂಪು ರೇಷ್ಮೆ ಎಳೆಗಳು ಹಾರಿ ಕೋಣೆಯ ತುಂಬ ಚದುರಿದವು, ಯಾರೂ ಹೆಕ್ಕಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟು ಕಾಪಾಡಿದ್ದೇ ಅವಳಿಗೆ ಗೊತ್ತಿದ್ದದ್ದು. ಈಗ ಬರಿಗೈಯಲ್ಲಿ, ಬಯಲಿನಲ್ಲಿ ಇಟ್ಟು, ಮುಟ್ಟದೆ ನಿಂತಿರುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಕ್ರಿಲಿಕ್ಕನ್ನು ಬಿಸಿನೀರಿನಿಂದ ತೆಗೆದು ಆತುರಪಟ್ಟರೆ ಒಳಗೆ ಗುಳ್ಳೆ ಏಳುತ್ತದೆ, ತಾನಾಗಿ ಆರಬೇಕು. ಅದನ್ನೇ ಮನಸ್ಸಿಗೆ ಹೇಳಿಕೊಳ್ಳುತ್ತ ನಿಂತಳು.

ಸದ್ದಿಗೆ ತಾಯಿ ಬಾಗಿಲಿಗೆ ಬಂದಿದ್ದಳು. ಅವಳ ಭುಜ ಹಿಡಿದು ಪುಟ್ಟಿ. ಕಣ್ಣಕ್ಕ ಏನನ್ನೂ ಮುಚ್ಚಿಡಲಿಲ್ಲ. “ನನ್ನಿಂದಲೇ ಆದದ್ದು. ಬೆಚ್ಚಗೆ ಸುತ್ತಿಟ್ಟು ಉಸಿರು ಕಟ್ಟಿಸಿಬಿಟ್ಟೆ. ಬರತ್ತೋ ಇಲ್ವೋ ಗೊತ್ತಿಲ್ಲ,” ಎಂದಳು.

“ಈಗ ‘ಅಷ್ಟೇ’ ಅನ್ನಲಿಲ್ಲ,” ಎಂದಳು ಪುಟ್ಟಿ.

ಕಣ್ಣಕ್ಕ ಬೆರಳ ಬೆನ್ನಿನಿಂದ ಡಿಸ್ಕನ್ನು ಸವರಿ ನೋಡಿದಳು. ಕಾದಳು. ಮತ್ತೆ ಸವರಿದಳು. ಕಲ್ಲಿನಷ್ಟೇ ತಣ್ಣಗಿದೆ ಎನ್ನಿಸಿದಾಗ ಮೈದುನನಿಗೆ ತಲೆ ಆಡಿಸಿದಳು. ಅವನು ಕೇಬಲ್ಲು ಚುಚ್ಚಿದ.

ದೀಪ ಹೊತ್ತಿಕೊಂಡಿತು.

ಪಟ್ಟಿ ಓಡಿತು. ಇದು ಹಳೆಯ ಮೋಸ, ಯಾರೂ ಉಸಿರು ಬಿಡಲಿಲ್ಲ. ಅರ್ಧದ ಹತ್ತಿರ ಬಂತು. ಕಣ್ಣಕ್ಕ ಪರದೆಯನ್ನು ನೋಡದೆ ಡಿಸ್ಕಿನ ಪಕ್ಕದಲ್ಲಿ ಕೂತು, ಮಗುವಿನ ಹಣೆ ಮುಟ್ಟುವಂತೆ ಆಗಾಗ ಮುಟ್ಟುತ್ತಿದ್ದಳು. ಬೆಚ್ಚಗಿತ್ತು. ಸುಡುತ್ತಿರಲಿಲ್ಲ. “ದಾಟ್ತು,” ಎಂದ ಮೈದುನ, ಪಿಸುಮಾತಿನಲ್ಲಿ. ಫ್ಯಾನಿನ ಸದ್ದೊಂದೇ. ಕಡೆಯಲ್ಲಿ ಪಟ್ಟಿ ತುದಿ ಮುಟ್ಟಿದಾಗ ಯಾವ ಗಂಟೆಯೂ ಬಾರಿಸಲಿಲ್ಲ. ಪರದೆಯ ತುಂಬ ಸಣ್ಣ ಸಣ್ಣ ಕಣ್ಣುಗಳು ಒಂದೊಂದಾಗಿ ಬಿಚ್ಚಿಕೊಂಡವು. ನೂರಾರು ಮಂದಿಯ ಕಣ್ಣು. ಕಣ್ಣಕ್ಕ ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಒಂದನ್ನು ದೊಡ್ಡದು ಮಾಡಿದಳು.

ಗಾಢ ಕಂದು. ಪಾಪೆಯ ಕೆಳಗೆ, ನೇರ ಕೆಳಗೆ, ಜೇನಿನ ಸೀಳು. ಅದರಲ್ಲಿ ಕಿಟಕಿಯ ಬೆಳಕು ಕೂತಿತ್ತು.

ತಾಯಿ ಮುಂದೆ ಬಂದಳು. ಪರದೆಗೆ ಬೆರಳು ತಾಗಿಸಿ ತಾಗಿಸದೆ ಹಿಡಿದಳು. “ಕೆಳಗೆ,” ಎಂದಳು. “ಕೆಳಗಿತ್ತು. ನಾನು ಮೇಲೆ ಅಂದೆನಲ್ಲ. ಇವಳು ಮಡಿಲಲ್ಲಿ ಮಲಗಿರ್ತಿದ್ಲು, ನಾನು ತಲೆ ಕಡೆಯಿಂದ ಬಗ್ಗಿ ನೋಡ್ತಿದ್ದೆ. ಅದಕ್ಕೇ ಮೇಲೆ ಅನ್ನಿಸಿದ್ದು.”

“ಎಲ್ಲಮ್ಮ? ಯಾವ ಕಡೆ?” ಎಂದಳು ಪುಟ್ಟಿ. “ನಂಗೂ ಹೇಳು. ಕನ್ನಡಿಯಲ್ಲಿ ಯಾವತ್ತೂ ಸರಿಯಾಗಿ ನೋಡಿಕೊಳ್ಳಲಿಲ್ಲ.”

“ಇಲ್ಲಿ ಕಣೇ.” ತಾಯಿ ತಿರುಗಿದಳು. ಹೇಳುವ ಆತುರದಲ್ಲಿ ಮಗಳ ಕಪ್ಪು ಕನ್ನಡಕವನ್ನು ತೆಗೆದು ತಲೆಯ ಮೇಲಕ್ಕೆ ಸರಿಸಿದಳು. ಮುಚ್ಚಿದ ಬಲ ರೆಪ್ಪೆಯ ನಡುವೆ, ಕೆಳಗೆ, ಬೆರಳ ತುದಿ ಇಟ್ಟಳು. “ಇಲ್ಲಿ. ಇಷ್ಟೇ ಇಷ್ಟು. ಬಿಸಿಲಿಗೆ ಬಂದ್ರೆ ಹೊಳೀತಿತ್ತು.” ಜಾಗ ಸರಿಯಾಗಿದೆಯೇ ಎಂದು ಬಗ್ಗಿ, ಇನ್ನೂ ಹತ್ತಿರದಿಂದ ನೋಡಿ, ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು. “ಇಲ್ಲಿ.”

ಪುಟ್ಟಿ ಮುಖ ತೊಳೆಸಿಕೊಳ್ಳುವ ಮಗುವಿನಂತೆ ಗಲ್ಲ ಎತ್ತಿ, ಅಲುಗದೆ ನಿಂತಿದ್ದಳು. “ನಿನ್ನ ಕೈ ತಣ್ಣಗಿದೆ,” ಎಂದಳು. ಅಮ್ಮನ ಮಾತು ತನ್ನ ಮುಖಕ್ಕೇ ಬಂದು ತಾಗುತ್ತಿರುವುದನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು.

ಮೈದುನ ಏನೋ ಹೇಳಲು ಬಾಯಿ ತೆರೆದ. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಈಗಲೇ ಹಾಕಬೇಕು, ಅದೇ ಇರಬೇಕು. ಕಣ್ಣಕ್ಕ ಸುಮ್ಮನಿರು ಎಂದು ಕಣ್ಣಲ್ಲೇ ಗದರಿದಳು. ಅವನು ಚೀಲದಿಂದ ಹೊಸ ಡಿಸ್ಕು ತೆಗೆದು, ಸದ್ದಾಗದಂತೆ ಕಲ್ಲಿನ ಮೇಲೆ ಹಳೆಯದರ ಪಕ್ಕ ಇಟ್ಟ, ಎರಡರ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು.

ಕಣ್ಣಕ್ಕ ಕುಂಚ ತೆಗೆದುಕೊಂಡಳು. ಮೇಣದ ಅಚ್ಚುಗಳನ್ನು ಮತ್ತೆ ಮೊದಲಿನಿಂದ ಮಾಡಬೇಕು. ಅವಳ ಹೆಬ್ಬೆರಳಿನ ಗುರುತು ಹೊತ್ತು ಅವು ತೆರೆದ ಪೆಟ್ಟಿಗೆಯಲ್ಲಿ ಸೊಟ್ಟಗೆ ಬಿದ್ದಿದ್ದವು. ಇರಲಿ. ಕುರ್ಚಿಯನ್ನು ಪರದೆಯ ಎದುರಿಗೆ, ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತು, ಕಂದು ಬಣ್ಣಕ್ಕೆ ಮೊದಲ ಹನಿ ಹಳದಿ ಬೆರೆಸಿದಳು.